ಓದುಗರ ಪ್ರಶ್ನೆ: ಹಳೆ ಕಂಪ್ಯೂಟರಿನ ಫೈಲು ಹೊಸದಕ್ಕೆ ಸಿಗುತ್ತಿಲ್ಲ

ಮನೆಯ ರೌಟರಿಗೆ ಸೇರಿಸಿದ ಹಳೆಯ ಮತ್ತು ಹೊಸ ಕಂಪ್ಯೂಟರುಗಳ ನಡುವೆ ಫೈಲು ಹಂಚಿಕೊಳ್ಳುವ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ಮನೆಯಲ್ಲೇ ಡಿಟಿಪಿ ಕೆಲಸ ಮಾಡುತ್ತೇವೆ. ವಿಂಡೋಸ್ ಎಕ್ಸ್‌ಪಿ ಇರುವ ಹಳೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಪೇಜ್‌ಮೇಕರ್ ಮತ್ತು ಕನ್ನಡ ಬರೆಯುವ ನುಡಿ ಇವೆ. ಲಗ್ನಪತ್ರಿಕೆ, ಪುಸ್ತಕ, ಕರಪತ್ರ ಎಲ್ಲದರ ಫೈಲೂ ಅದರಲ್ಲೇ ಇದೆ. ಈಗ ವಿಂಡೋಸ್ 11 ಹೋಮ್ ಇರುವ ಹೊಸದೊಂದನ್ನು ತಂದಿದ್ದೇವೆ. ಎರಡನ್ನೂ ಒಂದೇ ರೌಟರಿಗೆ ಕೇಬಲ್ ಹಾಕಿ ಸೇರಿಸಿದ್ದೇವೆ, ಎರಡರಲ್ಲೂ ಇಂಟರ್ನೆಟ್ ಬರುತ್ತದೆ. ಆದರೆ ಒಂದಕ್ಕೊಂದು ಕಾಣುವುದಿಲ್ಲ. ಇದೇ ಎಕ್ಸ್‌ಪಿ ಮೊದಲು ವಿಂಡೋಸ್ 7 ಜೊತೆ ಸರಿಯಾಗಿಯೇ ಇತ್ತಲ್ಲ? — ದಾವಣಗೆರೆ

ಉತ್ತರ: ಕೇಬಲ್ಲು, ರೌಟರು ಯಾವುದರಲ್ಲೂ ದೋಷವಿಲ್ಲ. ವಿಂಡೋಸ್ ಕಂಪ್ಯೂಟರುಗಳು ಫೋಲ್ಡರ್ ಹಂಚಿಕೊಳ್ಳುವುದು ಎಸ್ಎಂಬಿ ಎಂಬ ನಿಯಮಾವಳಿಯ ಮೂಲಕ. ಎಕ್ಸ್‌ಪಿಗೆ ಗೊತ್ತಿರುವುದು ಅದರ ಮೊದಲ ಆವೃತ್ತಿ ಮಾತ್ರ. ವಿಸ್ತಾದಿಂದ ಎರಡನೆಯದು, ವಿಂಡೋಸ್ 8ರಿಂದ ಮೂರನೆಯದು ಬಂದವು. ವಿಂಡೋಸ್ 7ಕ್ಕೆ ಹಳೆಯದೂ ಗೊತ್ತಿತ್ತು, ಹೊಸದೂ ಗೊತ್ತಿತ್ತು. ಹಾಗಾಗಿ ನಿಮ್ಮ ಕೆಲಸ ನಡೆಯುತ್ತಿತ್ತು. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಸುಲಿಗೆ ವೈರಸ್ ಜಗತ್ತಿನಾದ್ಯಂತ ಹರಡಿದ್ದು ಇದೇ ಮೊದಲ ಆವೃತ್ತಿಯಲ್ಲಿದ್ದ ಬಿರುಕಿನ ಮೂಲಕ. ಅದೇ ವರ್ಷದ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 10ರ ಆವೃತ್ತಿಯಿಂದ ಮೈಕ್ರೋಸಾಫ್ಟ್ ಅದನ್ನು ಕಳಚತೊಡಗಿತು. ನಿಮ್ಮ ಹೊಸ ಕಂಪ್ಯೂಟರಿಗೆ ಎಕ್ಸ್‌ಪಿಯ ಮಾತೇ ತಿಳಿಯದು.

ಇದಕ್ಕೆ ಎಲ್ಲರೂ ಹೇಳುವ ಪರಿಹಾರ, ಹೊಸ ಕಂಪ್ಯೂಟರಿನಲ್ಲಿ ಮೊದಲ ಆವೃತ್ತಿಯನ್ನು ಪೂರ್ತಿ ಚಾಲೂ ಮಾಡಿ ಎಂಬುದು. ಹಾಗೆ ಮಾಡಬೇಡಿ. ಅದರಲ್ಲಿ ಎರಡು ಭಾಗಗಳಿವೆ: ಬೇರೆಯವರ ಫೋಲ್ಡರ್ ತೆರೆದು ನೋಡುವ 'ಕ್ಲೈಂಟ್', ನಮ್ಮ ಫೋಲ್ಡರನ್ನು ಬೇರೆಯವರಿಗೆ ಕೊಡುವ 'ಸರ್ವರ್'. ಅಪಾಯದ ಬಾಗಿಲು ಸರ್ವರ್. ಫೋಲ್ಡರನ್ನು ಎಕ್ಸ್‌ಪಿಯಲ್ಲೇ ಶೇರ್ ಮಾಡಿ, ಹೊಸದು ಅಲ್ಲಿಗೆ ಹೋಗಿ ತರುವಂತೆ ಇಟ್ಟುಕೊಂಡರೆ ಹೊಸದರಲ್ಲಿ ಕ್ಲೈಂಟ್ ಒಂದೇ ಸಾಕು.

ಮೊದಲು ಎಕ್ಸ್‌ಪಿಯನ್ನು ಇಂಟರ್ನೆಟ್‌ನಿಂದ ಬೇರ್ಪಡಿಸಿ. 2014ರ ಏಪ್ರಿಲ್ 8ಕ್ಕೆ ಅದರ ಬೆಂಬಲ ನಿಂತಿದೆ. ಅದರಲ್ಲಿ ಇಂಟರ್ನೆಟ್ ಬರುತ್ತದೆ ಎಂದು ನೀವು ಬರೆದಿದ್ದೇ ನಮಗೆ ಹೆಚ್ಚು ಆತಂಕದ ವಿಷಯ. ಕಂಟ್ರೋಲ್ ಪ್ಯಾನೆಲ್, ನೆಟ್‌ವರ್ಕ್ ಕನೆಕ್ಷನ್ಸ್, ಲೋಕಲ್ ಏರಿಯಾ ಕನೆಕ್ಷನ್ ಮೇಲೆ ಬಲ ಕ್ಲಿಕ್, ಪ್ರಾಪರ್ಟೀಸ್, ಅಲ್ಲಿ ಇಂಟರ್ನೆಟ್ ಪ್ರೋಟೊಕಾಲ್ (ಟಿಸಿಪಿ/ಐಪಿ) ತೆರೆಯಿರಿ. ಐಪಿ ವಿಳಾಸ (ಜಾಲದಲ್ಲಿ ಆ ಕಂಪ್ಯೂಟರಿನ ಗುರುತಿನ ಸಂಖ್ಯೆ) 192.168.1.20, ಸಬ್‌ನೆಟ್ ಮಾಸ್ಕ್ 255.255.255.0 ಎಂದು ಕೈಯಾರೆ ತುಂಬಿ. ಗೇಟ್‌ವೇ ಮತ್ತು ಡಿಎನ್ಎಸ್ ಜಾಗಗಳನ್ನು ಖಾಲಿ ಬಿಡಿ. ಗೇಟ್‌ವೇ ಇಲ್ಲದ ಕಂಪ್ಯೂಟರಿಗೆ ಮನೆಯೊಳಗಿನ ವಿಳಾಸಗಳಷ್ಟೇ ಸಿಗುತ್ತವೆ, ಹೊರಗಿನ ದಾರಿ ಅದಕ್ಕೆ ಗೊತ್ತಾಗುವುದಿಲ್ಲ. ನಿಮ್ಮ ಹೊಸ ಕಂಪ್ಯೂಟರಿನ ವಿಳಾಸ 192.168.0 ಎಂದು ಶುರುವಾಗುತ್ತಿದ್ದರೆ ಇಲ್ಲಿಯೂ ಮೂರನೆಯ ಅಂಕಿ 0 ಆಗಬೇಕು. ಕೊನೆಯ ಅಂಕಿ, ರೌಟರ್ ತಾನಾಗಿ ಹಂಚುವ ವಿಳಾಸಗಳ ಸಾಲಿನಲ್ಲಿ ಬರದಂತೆ ನೋಡಿಕೊಳ್ಳಿ. ಇಲ್ಲವಾದರೆ ಯಾವತ್ತೋ ಒಂದು ದಿನ ಮನೆಯ ಫೋನಿಗೂ ಅದೇ ವಿಳಾಸ ಸಿಕ್ಕಿ ಎರಡೂ ಕೈಕೊಡುತ್ತವೆ.

ಮುಂದೆ, ಎಕ್ಸ್‌ಪಿಯಲ್ಲಿ ಬೇಕಾದ ಫೋಲ್ಡರಿನ ಮೇಲೆ ಬಲ ಕ್ಲಿಕ್ ಮಾಡಿ 'ಶೇರಿಂಗ್ ಆ್ಯಂಡ್ ಸೆಕ್ಯುರಿಟಿ'ಯಲ್ಲಿ ಶೇರ್‌ಗೆ ಟಿಕ್ ಹಾಕಿ. ಅದರ ಕೆಳಗೆ, ಜಾಲದಲ್ಲಿರುವವರು ಫೈಲು ಬದಲಾಯಿಸಬಹುದು ಎಂಬ ಇನ್ನೊಂದು ಟಿಕ್ ಇರುತ್ತದೆ. ಹಳೆ ಕೆಲಸಗಳ ಫೋಲ್ಡರಿಗೆ ಅದನ್ನು ಹಾಕಬೇಡಿ. ದಿನದ ಕೆಲಸಕ್ಕೆಂದು ಬೇರೊಂದು ಖಾಲಿ ಫೋಲ್ಡರ್ ಮಾಡಿ, ಅದಕ್ಕೆ ಮಾತ್ರ ಹಾಕಿ.

ಹೊಸ ಕಂಪ್ಯೂಟರಿನಲ್ಲಿ 'ಟರ್ನ್ ವಿಂಡೋಸ್ ಫೀಚರ್ಸ್ ಆನ್ ಆರ್ ಆಫ್' ಎಂದು ಹುಡುಕಿ ತೆರೆದರೆ 'ಎಸ್ಎಂಬಿ 1.0/ಸಿಐಎಫ್ಎಸ್' ಎಂಬ ಸಾಲಿನಡಿ ಮೂರು ಚೌಕಗಳಿವೆ. ಕ್ಲೈಂಟ್‌ಗೆ ಟಿಕ್ ಇರಲಿ, ಸರ್ವರ್‌ಗೆ ಬೇಡ. 'ಆಟೊಮ್ಯಾಟಿಕ್ ರಿಮೂವಲ್' ಎಂಬುದನ್ನೂ ಟಿಕ್ ಮಾಡಿಡಿ. ಒಟ್ಟು 15 ದಿನ ಬಳಸದಿದ್ದರೆ ಅದು ತಾನಾಗಿ ಕಳಚಿಕೊಳ್ಳುತ್ತದೆ, ಬಾಗಿಲು ಮರೆತು ತೆರೆದಿಟ್ಟಂತಾಗುವುದಿಲ್ಲ. ರೀಸ್ಟಾರ್ಟ್ ಆದ ಮೇಲೆ ಫೈಲ್ ಎಕ್ಸ್‌ಪ್ಲೋರರಿನ ವಿಳಾಸ ಪಟ್ಟಿಯಲ್ಲಿ \\192.168.1.20 ಎಂದು ಒತ್ತಿ ಎಂಟರ್ ಕೊಡಿ. 'ನೆಟ್‌ವರ್ಕ್' ಪಟ್ಟಿಯಲ್ಲಿ ಎಕ್ಸ್‌ಪಿಯ ಹೆಸರು ಬರಲೆಂದು ಕಾಯುತ್ತ ಕೂರಬೇಡಿ. ಆ ಪಟ್ಟಿಯನ್ನು ಎರಡೂ ಬೇರೆ ಬೇರೆ ವಿಧಾನದಲ್ಲಿ ಕಟ್ಟುತ್ತವೆ. ಹೆಸರು ಕಾಣದಿದ್ದರೂ ವಿಳಾಸ ಕೊಟ್ಟರೆ ತೆರೆದುಕೊಳ್ಳುತ್ತದೆ.

ನಿಮ್ಮದು ಹೋಮ್ ಆದ್ದರಿಂದ ಇಷ್ಟು ಸಾಕು. ವಿಂಡೋಸ್ 11 ಪ್ರೋ ಇರುವವರಿಗೆ ಒಂದು ಮಾತು: 24ಎಚ್2 ಆವೃತ್ತಿಯಿಂದ ಪ್ರೋನಲ್ಲಿ ಪ್ರತಿ ಸಂಪರ್ಕಕ್ಕೂ ಡಿಜಿಟಲ್ ಸಹಿ ಕಡ್ಡಾಯ, ಪಾಸ್‌ವರ್ಡಿಲ್ಲದ ಅತಿಥಿ ಪ್ರವೇಶವೂ ಬಂದ್. ಎಕ್ಸ್‌ಪಿಗಾಗಿ ಇವನ್ನೆಲ್ಲ ಒಂದೊಂದಾಗಿ ಸಡಿಲಿಸುತ್ತ ಹೋಗುವುದು ನಮಗೆ ಸರಿಕಾಣದು. ಅಂಥವರು ಎಕ್ಸ್‌ಪಿಯ ಹಾರ್ಡ್ ಡಿಸ್ಕನ್ನೇ ಬಿಚ್ಚಿ, ಯುಎಸ್‌ಬಿಗೆ ಐಡಿಇ ಮತ್ತು ಸಾಟಾ ಎಂಬ ಎರಡೂ ಬಗೆಯ ಡಿಸ್ಕುಗಳನ್ನು ಸೇರಿಸುವ ಅಡಾಪ್ಟರಿಗೆ ಹಾಕಿ ಎಲ್ಲವನ್ನೂ ಒಮ್ಮೆಗೇ ತೆಗೆದುಕೊಳ್ಳಲಿ. ಮೂರೂವರೆ ಇಂಚಿನ ಡಿಸ್ಕಿಗೆ ಯುಎಸ್‌ಬಿಯ ವಿದ್ಯುತ್ ಸಾಲದು. 12 ವೋಲ್ಟಿನ ಪ್ರತ್ಯೇಕ ಪವರ್ ಅಡಾಪ್ಟರ್ ಜೊತೆಗೆ ಬರುವುದನ್ನೇ ಕೊಳ್ಳಬೇಕು. ಅಗಲ ಪಟ್ಟಿಯ ಐಡಿಇ ಡಿಸ್ಕಾದರೆ ಹಿಂಭಾಗದ ಜಂಪರ್ (ಪಿನ್ನುಗಳಿಗೆ ಸಿಕ್ಕಿಸುವ ಪುಟ್ಟ ತುಂಡು) 'ಮಾಸ್ಟರ್' ಸ್ಥಾನದಲ್ಲಿರಲಿ. ನೀವು ಸಹ ಹಳೆಯ ಸಂಗ್ರಹದ ಒಂದು ಪ್ರತಿಯನ್ನು ಹೀಗೆ ತೆಗೆದಿಡುವುದು ಒಳ್ಳೆಯದು, ಇಷ್ಟು ವಯಸ್ಸಾದ ಡಿಸ್ಕನ್ನು ನೆಚ್ಚಿಕೊಳ್ಳಲಾಗದು.

ಡಿಟಿಪಿಯವರಿಗೇ ಸಂಬಂಧಿಸಿದ ಒಂದೆರಡು ತೊಡಕುಗಳಿವೆ. ಪೇಜ್‌ಮೇಕರಿಗೆ ಯುನಿಕೋಡ್ (ಕನ್ನಡವೂ ಸೇರಿ ಎಲ್ಲ ಭಾಷೆಗಳ ಅಕ್ಷರಗಳಿಗಿರುವ ಏಕರೂಪದ ಸಂಕೇತ ಪದ್ಧತಿ) ಗೊತ್ತಿಲ್ಲ. ಹೊಸ ಕಂಪ್ಯೂಟರಿನಿಂದ ಕನ್ನಡದಲ್ಲೇ ಹೆಸರಿಟ್ಟ ಚಿತ್ರವನ್ನು ಎಕ್ಸ್‌ಪಿಗೆ ಕಳಿಸಿದರೆ ಫೈಲು ಹೋಗುತ್ತದೆ, ಪೇಜ್‌ಮೇಕರಿನಲ್ಲಿ ಮಾತ್ರ ತೆರೆಯುವುದಿಲ್ಲ. ಅತ್ತ ಕಳಿಸುವ ಫೈಲುಗಳಿಗೆ ಇಂಗ್ಲಿಷ್ ಅಕ್ಷರ, ಅಂಕಿಗಳ ಚಿಕ್ಕ ಹೆಸರಿಡಿ. ಜಾಲದ ಮೇಲಿರುವ ಪೇಜ್‌ಮೇಕರ್ ಫೈಲನ್ನು ನೇರವಾಗಿ ತೆರೆದು ಕೆಲಸ ಮಾಡಬೇಡಿ, ನಡುವೆ ಸಂಪರ್ಕ ಕಡಿದರೆ ಫೈಲು ಕೆಡಬಹುದು. ಮತ್ತೊಂದು: ಎಕ್ಸ್‌ಪಿ ಪ್ರತಿ ಸಲ ಚಾಲೂ ಮಾಡಿದಾಗ ದಿನಾಂಕ ಹಿಂದಕ್ಕೆ ಹೋಗುತ್ತಿದೆಯೇ ನೋಡಿ. ಮದರ್‌ಬೋರ್ಡಿನ ಸಿಆರ್ 2032 ಬಟನ್ ಸೆಲ್ ಮುಗಿದಿದ್ದರೆ ಹಾಗಾಗುತ್ತದೆ. ಆಗ ಇವತ್ತು ತಿದ್ದಿದ ಫೈಲಿಗೂ ಎಷ್ಟೋ ವರ್ಷ ಹಿಂದಿನ ತಾರೀಖು ಬೀಳುತ್ತದೆ. ಕಾಪಿ ಮಾಡುವಾಗ 'ಹೊಸದನ್ನು ಉಳಿಸು' ಎಂದು ಆರಿಸಿದರೆ ತಿದ್ದಿದ್ದೇ ಅಳಿಸಿಹೋಗುತ್ತದೆ.

ಪ್ರಶ್ನೆ: ಎಕ್ಸ್‌ಪಿಯಿಂದ ತಂದ ಪಠ್ಯ ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಚುಕ್ಕೆ, ಗೆರೆ ಹೊತ್ತ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಜಾಲದಲ್ಲಿ ಬರುವಾಗ ಫೈಲು ಕೆಟ್ಟಿತೇ? — ಗದಗ

ಉತ್ತರ: ಕೆಟ್ಟಿಲ್ಲ. ಹಳೆ ನುಡಿ, ಬರಹ ಫಾಂಟುಗಳಲ್ಲಿ ಬರೆದದ್ದು ಯುನಿಕೋಡ್ ಅಲ್ಲ. ಫೈಲಿನೊಳಗೆ ಇರುವುದು ಇಂಗ್ಲಿಷ್ ಗುಂಪಿನ ಸಂಕೇತಗಳೇ, ಕನ್ನಡದ ಆಕಾರ ಕೊಡುತ್ತಿದ್ದದ್ದು ಫಾಂಟು. ಎಕ್ಸ್‌ಪಿಯ 'ಫಾಂಟ್ಸ್' ಫೋಲ್ಡರಿನಿಂದ ಅದೇ ಫಾಂಟನ್ನು ತಂದು ಹೊಸದರಲ್ಲಿ ಅಳವಡಿಸಿದರೆ ಮೊದಲಿನಂತೆಯೇ ಓದಬಹುದು. ವಾಟ್ಸ್ಆ್ಯಪ್, ಇಮೇಲ್, ವೆಬ್‌ಸೈಟಿಗೆ ಹಾಕಬೇಕಾದರೆ ನುಡಿ ಅಥವಾ ಬರಹ ತಂತ್ರಾಂಶದ ಜೊತೆಗಿರುವ ಪರಿವರ್ತಕದಿಂದ ಯುನಿಕೋಡಿಗೆ ಬದಲಾಯಿಸಿ. ಪರಿವರ್ತಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು, ಅಂಕಿಗಳನ್ನು ಒಮ್ಮೆ ಕಣ್ಣಾಡಿಸಿ ನೋಡಲೇಬೇಕು. ನಡುವೆ ಇಂಗ್ಲಿಷ್ ಪದಗಳಿದ್ದರೆ ಪರಿವರ್ತಕ ಅವನ್ನೂ ಕನ್ನಡವೆಂದೇ ತಿಳಿದು ಕಲಸಿಹಾಕುತ್ತದೆ. ಮೂಲ ಫೈಲನ್ನು ಅಳಿಸಬೇಡಿ.

ಪ್ರಶ್ನೆ: ಮಗನ ವಿಂಡೋಸ್ 11 ಕಂಪ್ಯೂಟರಿನಲ್ಲಿ ಫೋಟೊ ಫೋಲ್ಡರ್ ಶೇರ್ ಮಾಡಿದ್ದಾನೆ. ನನ್ನ ವಿಂಡೋಸ್ 7 ಲ್ಯಾಪ್‌ಟಾಪಿನಲ್ಲಿ ಅದು ಕಾಣುತ್ತದೆ, ಆದರೆ ಹೆಸರು, ಪಾಸ್‌ವರ್ಡ್ ಕೇಳುತ್ತದೆ. ಅವನು ದಿನಾ ಒತ್ತುವ ನಾಲ್ಕಂಕಿ ಕೊಟ್ಟರೆ ತಪ್ಪು ಎನ್ನುತ್ತದೆ. — ಸಾಗರ

ಉತ್ತರ: ಆ ನಾಲ್ಕಂಕಿ ಪಿನ್. ಅದು ಆ ಕಂಪ್ಯೂಟರಿನ ಎದುರು ಕೂತವರಿಗೆ ಮಾತ್ರ, ಜಾಲದ ಮೂಲಕ ನಡೆಯುವುದಿಲ್ಲ. ಖಾತೆಯ ನಿಜವಾದ ಪಾಸ್‌ವರ್ಡ್ ಬೇಕು. ಮಗನ ಮೈಕ್ರೋಸಾಫ್ಟ್ ಖಾತೆಯ ಪಾಸ್‌ವರ್ಡನ್ನು ಬೆಂಬಲ ನಿಂತುಹೋದ ವಿಂಡೋಸ್ 7ರಲ್ಲಿ ಉಳಿಸಿಡುವ ಬದಲು, ಹಂಚಿಕೆಗೆಂದೇ ಒಂದು ಸ್ಥಳೀಯ ಖಾತೆ ತೆರೆಯಿರಿ. ವಿಂಡೋಸ್ 11ರ ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ಸ್, ಅದರ್ ಯೂಸರ್ಸ್, ಆ್ಯಡ್ ಅಕೌಂಟ್ ಒತ್ತಿ. ಇಮೇಲ್ ಕೇಳಿದಾಗ ಈ ವ್ಯಕ್ತಿಯ ವಿವರ ಇಲ್ಲ ಎಂಬುದನ್ನೂ, ನಂತರ ಮೈಕ್ರೋಸಾಫ್ಟ್ ಖಾತೆಯಿಲ್ಲದೆ ಸೇರಿಸು ಎಂಬುದನ್ನೂ ಆರಿಸಿ. ಪಾಸ್‌ವರ್ಡ್ ಖಾಲಿ ಬಿಡಬೇಡಿ. ಪಾಸ್‌ವರ್ಡಿಲ್ಲದ ಖಾತೆಗೆ ಜಾಲದ ಮೂಲಕ ಪ್ರವೇಶ ಕೊಡಬಾರದು ಎಂಬುದು ವಿಂಡೋಸಿನ ಮೂಲ ನಿಯಮ.

ಫೋಟೊಗಳನ್ನು ಡಿ ಡ್ರೈವಿನ ಒಂದು ಫೋಲ್ಡರಿನಲ್ಲಿಟ್ಟು ಶೇರ್ ಮಾಡುವುದು ವಾಸಿ. ಪ್ರಾಪರ್ಟೀಸ್‌ನ ಶೇರಿಂಗ್ ಪುಟದಲ್ಲಿ ಎರಡು ಬಟನ್‌ಗಳಿವೆ. 'ಶೇರ್' ಒತ್ತಿ ಹೊಸ ಖಾತೆಯನ್ನು ಸೇರಿಸಿದರೆ ಹಂಚಿಕೆಯ ಅನುಮತಿ, ಡಿಸ್ಕಿನ ಮೇಲಿನ ಅನುಮತಿ ಎರಡನ್ನೂ ವಿಂಡೋಸೇ ಸರಿಮಾಡುತ್ತದೆ. 'ಅಡ್ವಾನ್ಸ್ಡ್ ಶೇರಿಂಗ್' ಮೊದಲನೆಯದನ್ನಷ್ಟೇ ಮುಟ್ಟುತ್ತದೆ. ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುವುದರಿಂದ, ಎಲ್ಲರಿಗೂ ಪೂರ್ಣ ಅನುಮತಿ ಕೊಟ್ಟರೂ ಫೋಲ್ಡರ್ ತೆರೆಯುತ್ತಿಲ್ಲ ಎಂಬ ದೂರು ಬರುವುದು ಬಹುಪಾಲು ಇಲ್ಲಿಂದಲೇ.

ವಿಂಡೋಸ್ 7ರಲ್ಲಿ ಹೆಸರು ಕೇಳಿದಾಗ ಮಗನ ಕಂಪ್ಯೂಟರಿನ ಹೆಸರು, ನಂತರ \ ಚಿಹ್ನೆ, ನಂತರ ಹೊಸ ಖಾತೆಯ ಹೆಸರು ಕೊಡಿ. ಆಗಲೂ ನಿರಾಕರಿಸಿದರೆ ಹಿಂದೆ ಕೊಟ್ಟ ತಪ್ಪು ವಿವರ ನೆನಪಿನಲ್ಲಿ ಉಳಿದಿರಬೇಕು. ಕಂಟ್ರೋಲ್ ಪ್ಯಾನೆಲಿನ 'ಕ್ರೆಡೆನ್ಶಿಯಲ್ ಮ್ಯಾನೇಜರ್'ನಲ್ಲಿ ಆ ಕಂಪ್ಯೂಟರಿನ ಸಾಲನ್ನು ಅಳಿಸಿ, ಲಾಗ್ ಆಫ್ ಆಗಿ ಮತ್ತೆ ಬನ್ನಿ. ನಿಮ್ಮಿಬ್ಬರ ಕಂಪ್ಯೂಟರುಗಳಿಗೂ ಎಸ್ಎಂಬಿಯ ಎರಡನೆಯ ಆವೃತ್ತಿ ಗೊತ್ತು, ಮೊದಲನೆಯದರ ಗೊಡವೆಯೇ ಬೇಡ. ಹಿಂದಿನ 'ಹೋಮ್‌ಗ್ರೂಪ್' ಹುಡುಕಬೇಡಿ, ಅದನ್ನು 2018ರಲ್ಲೇ ವಿಂಡೋಸ್ 10ರಿಂದ ತೆಗೆದಿದ್ದಾರೆ.

ಪ್ರಶ್ನೆ: ಫೈಬರ್ ಸಂಪರ್ಕದವರು ಕೊಟ್ಟ ಡಬ್ಬಿ ಕೆಳಮನೆಯಲ್ಲಿದೆ. ಮಹಡಿಗೆ ಸಿಗ್ನಲ್ ಬಾರದೆ ಇನ್ನೊಂದು ವೈಫೈ ರೌಟರ್ ಹಾಕಿಸಿದೆವು. ಕೆಳಗಿನ ಕಂಪ್ಯೂಟರ್ ಮೇಲಿನದರ ಫೋಲ್ಡರ್ ತೆರೆಯಲು ಹೋದರೆ 'ನೆಟ್‌ವರ್ಕ್ ಪಾತ್ ಸಿಗಲಿಲ್ಲ' ಎನ್ನುತ್ತದೆ, ಕೊನೆಗೆ 80070035 ಎಂಬ ಸಂಖ್ಯೆ ಬರುತ್ತದೆ. — ಮೈಸೂರು

ಉತ್ತರ: ಎರಡೂ ಕಂಪ್ಯೂಟರುಗಳ ಐಪಿ ವಿಳಾಸ ನೋಡಿ. ಕೆಳಗೆ 192.168.1, ಮೇಲೆ 192.168.0 ಎಂದು ಶುರುವಾಗುತ್ತಿದ್ದರೆ ನಿಮ್ಮ ಮನೆಯಲ್ಲಿ ಎರಡು ಬೇರೆ ಜಾಲಗಳಿವೆ. ಮಹಡಿಯ ರೌಟರ್ ತನ್ನ ಹಿಂದಿರುವವರನ್ನು ಕೆಳಗಿನವರಿಂದ ಮರೆಮಾಡುತ್ತಿದೆ. ಇಂಟರ್ನೆಟ್ ಇಬ್ಬರಿಗೂ ಬರುವುದರಿಂದ ಇದು ಗಮನಕ್ಕೆ ಬರುವುದೇ ಇಲ್ಲ.

ಮೇಲಿನ ರೌಟರಿನ ಸೆಟ್ಟಿಂಗ್ಸಿನಲ್ಲಿ 'ಆ್ಯಕ್ಸೆಸ್ ಪಾಯಿಂಟ್ ಮೋಡ್' ಇದ್ದರೆ ಅದನ್ನು ಆರಿಸಿದರೆ ಮುಗಿಯಿತು. ಇಲ್ಲದಿದ್ದರೆ ಮೊದಲು ಅದರ ಸ್ವಂತ ವಿಳಾಸವನ್ನು 192.168.1.2 ಮಾಡಿ (ಕೆಳಗಿನದು 192.168.1.1 ಎಂದಿಟ್ಟುಕೊಂಡು), ಆಮೇಲೆ ಅದರ ಡಿಎಚ್‌ಸಿಪಿ (ವಿಳಾಸಗಳನ್ನು ತಾನಾಗಿ ಹಂಚುವ ವ್ಯವಸ್ಥೆ) ಆಫ್ ಮಾಡಿ. ಕೊನೆಗೆ ಕೆಳಗಿನಿಂದ ಬರುವ ಕೇಬಲ್ಲನ್ನು, ಬೇರೆ ಬಣ್ಣದಲ್ಲಿ ಗುರುತಿಸಿರುವ ವ್ಯಾನ್ ತೂತಿನಿಂದ ಕಿತ್ತು ಲ್ಯಾನ್ ತೂತಿಗೆ ಹಾಕಿ. ಈ ಕ್ರಮ ತಪ್ಪಬೇಡಿ. ಡಿಎಚ್‌ಸಿಪಿಯನ್ನು ಮೊದಲೇ ಆಫ್ ಮಾಡಿದರೆ ರೌಟರಿನ ಪುಟವನ್ನು ಮತ್ತೆ ತೆರೆಯಲು ಕಂಪ್ಯೂಟರಿಗೆ ಕೈಯಾರೆ ವಿಳಾಸ ಕೊಡಬೇಕಾಗುತ್ತದೆ.

ವಿಳಾಸಗಳು ಒಂದೇ ಸಾಲಿನವಾದರೆ ಬೇರೆ ಕಡೆ ನೋಡಿ: ವೈಫೈ ಹೆಸರು 'ಗೆಸ್ಟ್' ಆಗಿರಬಹುದು (ಗೆಸ್ಟ್ ಜಾಲದವರು ಒಬ್ಬರನ್ನೊಬ್ಬರು ನೋಡಲಾಗದು), ಜಾಲದ ಬಗೆ 'ಪಬ್ಲಿಕ್' ಎಂದಿರಬಹುದು, ಅದನ್ನು 'ಪ್ರೈವೇಟ್' ಮಾಡಿ. ಅಥವಾ ಮೇಲಿನ ಕಂಪ್ಯೂಟರ್ ಸ್ಲೀಪ್‌ಗೆ ಜಾರಿರಬಹುದು.

ಪ್ರಶ್ನೆ: 40 ಜಿಬಿ ವಿಡಿಯೊ ಹಳೆ ಲ್ಯಾಪ್‌ಟಾಪಿನಿಂದ ವೈಫೈ ಮೂಲಕ ಕಳಿಸಲು ರಾತ್ರಿಯೆಲ್ಲ ಬೇಕಾಯಿತು. ಒಂದು ಫೈಲಂತೂ ಪೆನ್‌ಡ್ರೈವಿಗೂ ಹೋಗಲಿಲ್ಲ, ಜಾಗ ಬೇಕಾದಷ್ಟಿತ್ತು. — ಪುಣೆ

ಉತ್ತರ: ಹಳೆ ಲ್ಯಾಪ್‌ಟಾಪುಗಳ 54 ಎಂಬಿಪಿಎಸ್ ವೈಫೈ ನಿಜದಲ್ಲಿ ಕೊಡುವುದು ಸೆಕೆಂಡಿಗೆ ಎರಡೂವರೆ ಎಂಬಿಯ ಆಸುಪಾಸು. 40 ಜಿಬಿಗೆ ನಾಲ್ಕೂವರೆ ಗಂಟೆ, ಗೋಡೆ ಅಡ್ಡ ಬಂದರೆ ಇನ್ನೂ ಹೆಚ್ಚು. ಅದೇ ಲ್ಯಾಪ್‌ಟಾಪಿನ 100 ಎಂಬಿಪಿಎಸ್ ಕೇಬಲ್ ಪೋರ್ಟಿನಲ್ಲಿ ಸೆಕೆಂಡಿಗೆ 11 ಎಂಬಿ ಸಿಗುತ್ತದೆ, ಸುಮಾರು ಒಂದು ಗಂಟೆಯ ಕೆಲಸ. ಎರಡೂ ಕಡೆ ಗಿಗಾಬಿಟ್ ಇದ್ದು, ಡಿಸ್ಕುಗಳೂ ಅದಕ್ಕೆ ತಕ್ಕ ವೇಗದವಾಗಿದ್ದರೆ ಹತ್ತು ನಿಮಿಷದೊಳಗೆ ಮುಗಿಯುತ್ತದೆ. ರೌಟರ್ ದೂರವಿದ್ದರೆ ಎರಡು ಕಂಪ್ಯೂಟರುಗಳ ನಡುವೆ ನೇರ ಕೇಬಲ್ ಹಾಕಿ, ಒಂದಕ್ಕೆ 192.168.10.1, ಇನ್ನೊಂದಕ್ಕೆ 192.168.10.2, ಎರಡಕ್ಕೂ ಮಾಸ್ಕ್ 255.255.255.0 ಕೊಡಿ. ಗಿಗಾಬಿಟ್ ಪೋರ್ಟ್ ಒಂದು ಕಡೆ ಇದ್ದರೂ ಮಾಮೂಲಿ ಕೇಬಲ್ ಸಾಕು. ಎರಡೂ ತೀರಾ ಹಳೆಯವಾದರೆ ಕ್ರಾಸ್ಓವರ್ ಕೇಬಲ್ ಬೇಕಾಗಬಹುದು.

ಪೆನ್‌ಡ್ರೈವಿನದು ಬೇರೆ ಕಾರಣ. ಅದು ಫ್ಯಾಟ್32 ವಿನ್ಯಾಸದಲ್ಲಿದೆ, ಅದರಲ್ಲಿ ಒಂದೇ ಫೈಲು 4 ಜಿಬಿ ಮೀರುವಂತಿಲ್ಲ. ಒಳಗಿರುವುದನ್ನು ಬೇರೆಡೆ ತೆಗೆದಿಟ್ಟು ಎನ್‌ಟಿಎಫ್ಎಸ್‌ಗೆ ಫಾರ್ಮ್ಯಾಟ್ ಮಾಡಿ. ಟಿವಿಗೆ ಚುಚ್ಚುವ ಪೆನ್‌ಡ್ರೈವ್ ಆದರೆ ಮೊದಲು ಟಿವಿ ಅದನ್ನು ಓದುತ್ತದೆಯೇ ಎಂದು ನೋಡಿಕೊಳ್ಳಿ.