72 ಅನ್ನು 300 ಎಂದು ಬದಲಿಸಿದರೆ ಚಿತ್ರ ಸ್ಪಷ್ಟವಾಗುವುದೇ?

ಪ್ರಶ್ನೆ: ನಮ್ಮ ಸಂಘದ ಸ್ಮರಣ ಸಂಚಿಕೆಯ ಮುಖಪುಟಕ್ಕೆ ಒಂದು ಅಡ್ಡ ಛಾಯಾಚಿತ್ರವನ್ನು ಆರಿಸಿದ್ದೇವೆ. ಸಂಚಿಕೆ ಎ4 ಅಳತೆಯದು. ಚಿತ್ರವು ಪುಟವನ್ನು ಪೂರ್ತಿಯಾಗಿ ತುಂಬಬೇಕು. 300 ಡಿಪಿಐ (ಅಂಗುಲಕ್ಕೆ 300 ಚುಕ್ಕೆ) ಬೇಕೆಂದು ಮುದ್ರಕರು ಹೇಳಿದ್ದಾರೆ. ಮೆಸೇಜಿಂಗ್ ಆ್ಯಪ್ ಮೂಲಕ ಬಂದ ಈ ಫೈಲ್ 1600×1066 ಪಿಕ್ಸೆಲ್ ಇದ್ದು, ಪ್ರಾಪರ್ಟೀಸ್‌ನಲ್ಲಿ 72 ಡಿಪಿಐ ಎಂದು ತೋರಿಸುತ್ತಿತ್ತು. ಸಾಫ್ಟ್‌ವೇರ್‌ನಲ್ಲಿ ಅದನ್ನು 300ಕ್ಕೆ ಬದಲಿಸಿದೆ. ಫೈಲ್ ಕೂಡ ದೊಡ್ಡದಾಯಿತು. ಇಷ್ಟು ಸಾಕೇ? ಇದನ್ನೇ ವೆಬ್‌ಸೈಟ್ ಮತ್ತು ಸೋಷಿಯಲ್ ಮೀಡಿಯಾಕ್ಕೂ ಬಳಸಬಹುದೇ?

ಉತ್ತರ: ಮುಖಪುಟಕ್ಕೆ ಈ ಫೈಲ್ ಸಾಲದು, ಆದರೆ ಮೂಲ ಫೈಲ್ ಸಿಗುವ ಸಾಧ್ಯತೆ ಇದೆ, ಆದ್ದರಿಂದ ಚಿತ್ರವನ್ನೇ ಕೈಬಿಡುವ ನಿರ್ಧಾರಕ್ಕೆ ಈಗಲೇ ಬರಬೇಡಿ.

ಪ್ರಾಪರ್ಟೀಸ್‌ನಲ್ಲಿ ಕಾಣುವ ಡಿಪಿಐ ಎಂಬುದು ಚಿತ್ರದ ಗುಣವಲ್ಲ. ಒಂದು ಅಂಗುಲದಲ್ಲಿ ಎಷ್ಟು ಪಿಕ್ಸೆಲ್‌ಗಳನ್ನು ಹಾಕಬೇಕು ಎಂದು ಫೈಲಿನ ಮೇಲೆ ಬರೆದಿಟ್ಟ ಸೂಚನೆ ಮಾತ್ರ ಅದು. ಚಿತ್ರದಲ್ಲಿ ನಿಜವಾಗಿ ಇರುವುದು ಪಿಕ್ಸೆಲ್‌ಗಳು. ಪಿಕ್ಸೆಲ್ ಸಂಖ್ಯೆಯನ್ನು ಮುದ್ರಣದ ಅಳತೆಯ ಅಂಗುಲಗಳಿಂದ ಭಾಗಿಸಿದಾಗ ಬರುವುದೇ ನಿಮ್ಮ ನಿಜವಾದ ರೆಸೊಲ್ಯೂಷನ್. ಸರಿಯಾಗಿ ಹೇಳಬೇಕೆಂದರೆ ಇದು ಪಿಪಿಐ, ಅಂದರೆ ಅಂಗುಲಕ್ಕೆ ಎಷ್ಟು ಪಿಕ್ಸೆಲ್ ಎಂಬ ಲೆಕ್ಕ. ಡಿಪಿಐ ಎಂಬುದು ಮುದ್ರಣಯಂತ್ರ ಹಾಕುವ ಶಾಯಿಯ ಚುಕ್ಕೆಗಳ ಲೆಕ್ಕ. ಮುದ್ರಕರು ಎರಡಕ್ಕೂ ಡಿಪಿಐ ಎಂದೇ ಹೇಳುವುದು ರೂಢಿಯಾಗಿರುವುದರಿಂದ ಆ ಮಾತಿಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಾಗಿಲ್ಲ.

ಈಗ ನಿಮ್ಮ ಚಿತ್ರದ ಲೆಕ್ಕ. ಎ4 ಪುಟ 210×297 ಮಿಲಿಮೀಟರ್. ಅಂಚಿನವರೆಗೆ ಮುದ್ರಿಸಿ ಕತ್ತರಿಸಬೇಕಾದರೆ ಸುತ್ತಲೂ 3 ಮಿಲಿಮೀಟರ್ ಬ್ಲೀಡ್, ಅಂದರೆ ಕತ್ತರಿಸಿಹೋಗುವ ಹೆಚ್ಚುವರಿ ಅಂಚು, ಬೇಕಾಗುತ್ತದೆ. ಆಗ 216×303 ಮಿಲಿಮೀಟರ್, ಅಂದರೆ 300ರ ಲೆಕ್ಕದಲ್ಲಿ ಸುಮಾರು 2551×3579 ಪಿಕ್ಸೆಲ್. ನಿಮ್ಮದು ಅಡ್ಡ ಚಿತ್ರ, ಪುಟ ಉದ್ದನೆಯದು. ಚಿತ್ರದ ಎತ್ತರವನ್ನು ಪುಟದ ಎತ್ತರಕ್ಕೆ ಹೊಂದಿಸಿ ಎರಡು ಬದಿಗಳನ್ನು ಕತ್ತರಿಸಬೇಕಾದ್ದರಿಂದ, ಇಲ್ಲಿ 1600 ಲೆಕ್ಕಕ್ಕೆ ಬರುವುದೇ ಇಲ್ಲ, 1066 ಮಾತ್ರ ಬರುತ್ತದೆ. ಅದನ್ನು ಸುಮಾರು 11.9 ಅಂಗುಲದಿಂದ ಭಾಗಿಸಿದರೆ ಸಿಗುವುದು 90ರ ಆಸುಪಾಸು. ಕೈಯಲ್ಲಿ ಹಿಡಿದು ನೋಡುವ ಮುಖಪುಟಕ್ಕೆ ಇದು ತೀರಾ ಕಡಿಮೆ. ದೊಡ್ಡ ಅಂಕಿಯನ್ನು ನೋಡಿ ಸಾಕೆಂದುಕೊಳ್ಳುವ ತಪ್ಪು ಆಗುವುದು ಬಹುಮಟ್ಟಿಗೆ ಇಲ್ಲಿಯೇ: ಯಾವ ಬದಿ ಪುಟವನ್ನು ತುಂಬಬೇಕೋ ಆ ಬದಿಯನ್ನೇ ಅಳೆಯಬೇಕು.

ನೀವು 72 ಅನ್ನು 300 ಎಂದು ಬದಲಿಸಿದಾಗ ಫೈಲ್ ದೊಡ್ಡದಾಯಿತೆಂದರೆ, ರೀಸ್ಯಾಂಪಲ್ ಆಯ್ಕೆ ಚಾಲ್ತಿಯಲ್ಲಿತ್ತು ಎಂದರ್ಥ. ಸಾಫ್ಟ್‌ವೇರ್ ಪ್ರತಿ ಬದಿಯನ್ನೂ ನಾಲ್ಕು ಪಟ್ಟಿಗಿಂತ ತುಸು ಹೆಚ್ಚಿಸಿ, ಅಕ್ಕಪಕ್ಕದ ಪಿಕ್ಸೆಲ್‌ಗಳನ್ನು ನೋಡಿ ನಡುವಿನವನ್ನು ಊಹಿಸಿ ತುಂಬಿದೆ. ಈಗಿರುವ ಪ್ರತಿ 17 ಪಿಕ್ಸೆಲ್‌ಗಳಲ್ಲಿ ಸುಮಾರು 16 ಹೀಗೆ ಹುಟ್ಟಿದವು. ಆ ಫೈಲನ್ನು 100 ಪ್ರತಿಶತ ಜೂಮ್‌ನಲ್ಲಿ ತೆರೆದು ಯಾರಾದರೊಬ್ಬರ ಕಣ್ಣನ್ನು ನೋಡಿ. ರೆಪ್ಪೆಯ ಕೂದಲುಗಳು ಒಂದೊಂದಾಗಿ ಕಾಣದೆ ಕಪ್ಪು ಮಸಿಯ ಎಳೆಯಂತೆ ಕಂಡರೆ, ಮುದ್ರಣದಲ್ಲೂ ಅವು ಹಾಗೆಯೇ ಬರುತ್ತವೆ. ಫೋಟೋಶಾಪ್‌ನಲ್ಲಿ ಇಮೇಜ್ ಸೈಜ್ ತೆರೆದು ರೀಸ್ಯಾಂಪಲ್ ಗುರುತನ್ನು ತೆಗೆದು 300 ಎಂದು ಕೊಟ್ಟಿದ್ದರೆ, ಪಿಕ್ಸೆಲ್‌ಗಳು ಬದಲಾಗದೆ ಅಳತೆ ಸುಮಾರು 5.3×3.6 ಅಂಗುಲಕ್ಕೆ ಇಳಿಯುತ್ತಿತ್ತು. ಆ ಫೈಲಿನ ಯೋಗ್ಯತೆ ಅಷ್ಟು, ಒಳಪುಟದ ಚಿಕ್ಕ ಚಿತ್ರಕ್ಕೆ ಅದು ಧಾರಾಳವಾಗಿ ಸಾಕು.

ಮೂಲ ಫೈಲ್ ಸಿಗಬಹುದೆಂದು ನಾನು ಹೇಳಿದ್ದು 1600×1066 ಎಂಬ ಅಳತೆಯನ್ನು ನೋಡಿ. ಇದು 3:2 ಅನುಪಾತ, ಸಾಮಾನ್ಯವಾಗಿ ಡಿಎಸ್ಎಲ್ಆರ್ ಮತ್ತು ಮಿರರ್‌ಲೆಸ್ ಕ್ಯಾಮೆರಾಗಳದ್ದು. ಮೆಸೇಜಿಂಗ್ ಆ್ಯಪ್‌ಗಳು ಬೇಗ ಕಳುಹಿಸಲೆಂದು ಚಿತ್ರವನ್ನು ಕುಗ್ಗಿಸುತ್ತವೆ. 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ತೆಗೆದದ್ದಾದರೆ ಮೂಲ ಸುಮಾರು 6000×4000 ಇರಬೇಕು. ಆಗ ನಿಮ್ಮ ಮುಖಪುಟಕ್ಕೆ 335 ಪಿಪಿಐ ಸಿಗುತ್ತದೆ. ಚಿತ್ರ ತೆಗೆದವರನ್ನು ಕೇಳಿ, ಮೂಲವನ್ನು ಇಮೇಲ್ ಅಥವಾ ಡ್ರೈವ್ ಮೂಲಕ, ಇಲ್ಲವೇ ಅದೇ ಆ್ಯಪ್‌ನಲ್ಲಿ ಫೋಟೋ ಬದಲು ಡಾಕ್ಯುಮೆಂಟ್ ಆಗಿ ತರಿಸಿಕೊಳ್ಳಿ.

300 ಎಂಬುದು ಎಲ್ಲೆಡೆಗೂ ಅನ್ವಯಿಸುವ ನಿಯಮವಲ್ಲ ಎಂಬುದನ್ನೂ ಹೇಳಬೇಕು. ಆರೋಗ್ಯವಂತ ಕಣ್ಣು ಸುಮಾರು ಒಂದು ಆರ್ಕ್‌ಮಿನಿಟ್‌ನಷ್ಟು (ಒಂದು ಡಿಗ್ರಿ ಕೋನದ ಅರವತ್ತನೇ ಒಂದು ಭಾಗ) ಸೂಕ್ಷ್ಮ ಅಂತರವನ್ನು ಬೇರ್ಪಡಿಸಿ ನೋಡಬಲ್ಲದು. 30 ಸೆಂಟಿಮೀಟರ್ ದೂರದಲ್ಲಿ ಅದು 290 ಪಿಪಿಐಗೆ ಸಮ. 3 ಮೀಟರ್ ದೂರದಿಂದ ನೋಡುವ ಬ್ಯಾನರಿಗೆ ಲೆಕ್ಕದ ಪ್ರಕಾರ 30 ಸಾಕಾದರೂ, ಜನ ಹತ್ತಿರ ಬಂದು ನೋಡುವುದೂ ಉಂಟಾದ್ದರಿಂದ 75ರಿಂದ 100 ಇಟ್ಟುಕೊಳ್ಳುವುದು ಕ್ಷೇಮ.

ವೆಬ್‌ಸೈಟಿನ ಮಟ್ಟಿಗೆ ಡಿಪಿಐ ಸಂಖ್ಯೆಯನ್ನು ಮರೆತುಬಿಡಿ. ಬ್ರೌಸರ್ ಅದನ್ನು ನೋಡುವುದೇ ಇಲ್ಲ. ಪುಟದಲ್ಲಿ ಚಿತ್ರದ ಜಾಗ 800 ಪಿಕ್ಸೆಲ್ ಅಗಲವಿದ್ದರೆ, ಹೆಚ್ಚು ಸಾಂದ್ರತೆಯ ಪರದೆಗಳಿಗಾಗಿ ಅದರ ಎರಡು ಪಟ್ಟು, ಅಂದರೆ 1600 ಸಾಕು. ಈಗಿರುವ ಫೈಲ್ ಆ ಕೆಲಸಕ್ಕೆ ಸರಿಹೊಂದುತ್ತದೆ. 6000 ಪಿಕ್ಸೆಲ್‌ನ ಮೂಲವನ್ನು ಹಾಗೆಯೇ ಅಲ್ಲಿ ಹಾಕಿದರೆ ಪುಟ ತೆರೆಯುವುದು ತಡವಾಗುವುದೇ ಹೊರತು ಸ್ಪಷ್ಟತೆ ಹೆಚ್ಚುವುದಿಲ್ಲ.

ಸೋಷಿಯಲ್ ಮೀಡಿಯಾಕ್ಕೂ ಇಷ್ಟೇ ಸಾಕು: ಇನ್‌ಸ್ಟಾಗ್ರಾಂ ಪೋಸ್ಟಿಗೆ 1080 ಅಗಲ, ಸ್ಟೋರಿಗೆ 1080×1920, ಯೂಟ್ಯೂಬ್ ಥಂಬ್‌ನೇಲ್‌ಗೆ 1280×720. ಸ್ಟೋರಿಗೆ ಮಾತ್ರ ಮೂಲದಿಂದಲೇ ಕತ್ತರಿಸಿ, ಏಕೆಂದರೆ 1066ರ ಎತ್ತರ ಅಲ್ಲಿ ಸಾಲದು. ಚಿತ್ರದ ಮೇಲೆ ಅಕ್ಷರಗಳಿದ್ದರೆ ಹೇಳಿದ ಅಳತೆಗೆ ನೀವೇ ಇಳಿಸಿ ಅಪ್‌ಲೋಡ್ ಮಾಡಿ. ಆ ತಾಣಗಳು ಮತ್ತೆ ಕುಗ್ಗಿಸಿದಾಗ ಒತ್ತಕ್ಷರದಂಥ ಸಣ್ಣ ಗೆರೆಗಳೇ ಮೊದಲು ಕಲಸಿಹೋಗುತ್ತವೆ. ಪ್ರತಿ ಬಳಕೆಗೂ ಮೂಲ ಫೈಲಿನಿಂದಲೇ ಹೊಸ ಪ್ರತಿಯನ್ನು ಮಾಡಿಕೊಳ್ಳಿ, ಏಕೆಂದರೆ ಜೆಪೆಗ್ ಚಿತ್ರವನ್ನು ತಿದ್ದಿ ಸೇವ್ ಮಾಡಿದಷ್ಟು ಸಲವೂ ಅದರ ವಿವರ ಸ್ವಲ್ಪ ಸ್ವಲ್ಪವಾಗಿ ಸವೆಯುತ್ತದೆ.