‘ಸ್ಥಿತಿಸ್ಥಾಪಕ’ ಎಂದರೆ ಬರೀ ಹಿಗ್ಗುವುದಲ್ಲ

‘ಸ್ಥಿತಿಸ್ಥಾಪಕ’ (ಇಂಗ್ಲಿಷಿನ ‘ಎಲಾಸ್ಟಿಕ್’) ಎಂದರೆ ರಬ್ಬರಿನಂತೆ ಹಿಗ್ಗುವುದು ಎಂದಾದರೆ ಉಕ್ಕನ್ನೂ ಹಾಗೆ ಕರೆಯುವುದೇಕೆ, ಅರ್ಥಶಾಸ್ತ್ರದಲ್ಲಿ ಬೇಡಿಕೆಗೂ ಆ ಪದ ಬಂದದ್ದು ಹೇಗೆ ಎಂದು ನೀವು ಕೇಳಿದ್ದೀರಿ.

ಉತ್ತರ ಪದದೊಳಗೇ ಇದೆ: ಸ್ಥಿತಿಯನ್ನು ಮರಳಿ ಸ್ಥಾಪಿಸಿಕೊಳ್ಳುವುದು. ನಾದಿದ ಚಪಾತಿ ಹಿಟ್ಟನ್ನು ಲಟ್ಟಿಸಿದಾಗ ಅದರ ಅಂಚು ತುಸು ಹಿಂದಕ್ಕೆ ಸರಿಯುತ್ತದೆ. ಒದ್ದೆ ಜೇಡಿಮಣ್ಣು ಮಾತ್ರ ಒತ್ತಿದ ಆಕಾರದಲ್ಲೇ ಉಳಿಯುತ್ತದೆ. ಆದ್ದರಿಂದ ಎಷ್ಟು ಹಿಗ್ಗಿತು ಎಂಬುದಕ್ಕಿಂತ, ಬಲ ತೆಗೆದ ಮೇಲೆ ಮೊದಲಿನ ಆಕಾರಕ್ಕೆ ಬಂದಿತೇ ಎಂಬುದು ಇಲ್ಲಿ ಮುಖ್ಯ. ಭೌತಶಾಸ್ತ್ರದಲ್ಲಿ ಒಂದೇ ಪ್ರಮಾಣದ ವಿರೂಪಕ್ಕೆ ಹೆಚ್ಚು ಬಲ ಬೇಡುವ ವಸ್ತುವನ್ನು ಹೆಚ್ಚು ಸ್ಥಿತಿಸ್ಥಾಪಕವೆಂದು ಎಣಿಸುವುದರಿಂದ, ಸುಮಾರು 200 ಗಿಗಾಪ್ಯಾಸ್ಕಲ್ ಯಂಗ್ ಗುಣಾಂಕವುಳ್ಳ (ಹಿಗ್ಗಿಸುವ ಬಲಕ್ಕೆ ವಸ್ತು ಎಷ್ಟು ಪ್ರತಿರೋಧ ಒಡ್ಡುತ್ತದೆ ಎಂಬುದರ ಅಳತೆ) ಉಕ್ಕು ರಬ್ಬರನ್ನು ಬಹುದೂರ ಹಿಂದಿಕ್ಕುತ್ತದೆ. ವಿದ್ಯಾರ್ಥಿಗಳು ಎಡವುವುದು ಇಲ್ಲಿಯೇ.

ಅರ್ಥಶಾಸ್ತ್ರದಲ್ಲಿ ಈ ಪರಿಕಲ್ಪನೆಯನ್ನು ನೆಲೆಗೊಳಿಸಿದವರು ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ಮಾರ್ಷಲ್, 1890ರ ತಮ್ಮ ಗ್ರಂಥದಲ್ಲಿ. ಬೆಲೆ ಶೇಕಡಾ 10ರಷ್ಟು ಏರಿದಾಗ ಬೇಡಿಕೆ ಶೇಕಡಾ 20ರಷ್ಟು ಇಳಿದರೆ ಅದು ಸ್ಥಿತಿಸ್ಥಾಪಕ ಬೇಡಿಕೆ. ಉಪ್ಪಿನ ಬೆಲೆ ಏರಿದರೂ ಯಾರೂ ಸಾರಿಗೆ ಉಪ್ಪು ಕಡಿಮೆ ಹಾಕುವುದಿಲ್ಲವಾದ್ದರಿಂದ ಅದರದು ಅಸ್ಥಿತಿಸ್ಥಾಪಕ. ಇಲ್ಲಿ ‘ಮರಳುವ’ ಅರ್ಥವೇ ಇಲ್ಲ, ಸ್ಪಂದಿಸುವ ಅರ್ಥವಷ್ಟೇ ಇದೆ. ಹೀಗಾಗಿ ನನಗೆ ಈ ಅನುವಾದ ಅಷ್ಟು ಒಪ್ಪಿಗೆಯಾಗದು, ಆದರೆ ಪಠ್ಯಪುಸ್ತಕಗಳಲ್ಲಿ ಅದೇ ಬೇರೂರಿದೆ.

ನಿಯಮ, ವೇಳಾಪಟ್ಟಿಗಳ ವಿಷಯದಲ್ಲಿ ಮಾತ್ರ ಈ ಪದ ಬೇಡ. ಅಲ್ಲಿ ‘ನಮ್ಯ’ ಅಥವಾ ‘ಹೊಂದಿಕೊಳ್ಳುವ’ ಎಂದು ಬರೆಯಿರಿ. ಲಂಗದ ಸೊಂಟಪಟ್ಟಿಗಾದರೋ ‘ಎಲಾಸ್ಟಿಕ್’ ಎಂಬುದೇ ಸಾಕು.