ಮೊಂಟೆವೆರ್ದೆಯ ಖಾಸಗಿ ಕಾಡು ಉಳಿದದ್ದು ಹೇಗೆ, ಅಲ್ಲಿ ಯಾವ ಕಾಲುದಾರಿ ಹಿಡಿಯಬೇಕು?

ಕೋಸ್ಟರಿಕ ದೇಶದ ಮೊಂಟೆವೆರ್ದೆ ಮಳೆಕಾಡು ಸರ್ಕಾರದ್ದಲ್ಲ, ಖಾಸಗಿಯದು ಎಂಬುದನ್ನು ಓದಿ ನಿಮಗೆ ಆಶ್ಚರ್ಯವಾಗಿದೆ. ಅದು ಯಾರಿಂದ, ಹೇಗೆ ಉಳಿಯಿತು ಎಂದೂ, ಬರುವ ಫೆಬ್ರವರಿಯಲ್ಲಿ ಅರವತ್ತೆಂಟು ವರ್ಷದ ತಾಯಿಯವರೊಂದಿಗೆ ಒಂದೇ ದಿನದ ಮಟ್ಟಿಗೆ ಅಲ್ಲಿಗೆ ಹೋದರೆ ಯಾವ ಕಾಲುದಾರಿಗಳಲ್ಲಿ ನಡೆಯಬಹುದು ಎಂದೂ ಕೇಳಿದ್ದೀರಿ. ಕೆಲಸದ ನಿಮಿತ್ತ ನಾನು ಎರಡು ವರ್ಷ ಸಾನ್ ಹೋಸೆ ನಗರದಲ್ಲಿದ್ದೆ. ಆ ಅವಧಿಯಲ್ಲಿ ನಾಲ್ಕು ಸಲ ಈ ಕಾಡಿಗೆ ಹೋಗಿದ್ದೇನೆ. ನಿಮ್ಮ ಎರಡೂ ಪ್ರಶ್ನೆಗಳಿಗೆ ಒಟ್ಟಿಗೇ ಉತ್ತರಿಸುವುದು ಮೇಲು ಎಂದು ನನಗನಿಸುತ್ತದೆ. ಏಕೆಂದರೆ ಅಲ್ಲಿನ ಇತಿಹಾಸವನ್ನು ತಿಳಿಯದೆ ಮೊದಲ ಸಲ ನಡೆದಾಗ ನನಗೆ ಕಂಡದ್ದು ಮಂಜು ಮತ್ತು ಹಸಿರು ಮಾತ್ರ.

ಕಥೆ ಶುರುವಾಗುವುದು ಅಮೆರಿಕದ ಅಲಬಾಮಾ ರಾಜ್ಯದ ಫೇರ್‌ಹೋಪ್ ಎಂಬ ಊರಿನಲ್ಲಿ. ಆಯುಧ ಹಿಡಿಯುವುದು ಧರ್ಮವಿರುದ್ಧವೆಂದು ನಂಬುವ ಕ್ವೇಕರ್ ಪಂಥದ ಕ್ರೈಸ್ತರ ಒಂದು ಗುಂಪು ಅಲ್ಲಿ ನೆಲೆಸಿತ್ತು. 1948ರಲ್ಲಿ ಅಮೆರಿಕವು ಸೇನಾ ನೋಂದಣಿಯನ್ನು ಮತ್ತೆ ಕಡ್ಡಾಯಗೊಳಿಸಿದಾಗ ಈ ಗುಂಪಿನ ನಾಲ್ವರು ಯುವಕರು ಹೆಸರು ಬರೆಸಲು ಒಪ್ಪಲಿಲ್ಲ. ಅದಕ್ಕಾಗಿ ಮರುವರ್ಷ ಅವರಿಗೆ ಜೈಲುಶಿಕ್ಷೆಯಾಯಿತು. ಅತ್ತ 1948ರ ಡಿಸೆಂಬರ್ 1ರಂದೇ ಕೋಸ್ಟರಿಕ ತನ್ನ ಸೈನ್ಯವನ್ನು ವಿಸರ್ಜಿಸಿತ್ತು. ಸೈನ್ಯವಿಲ್ಲದ ದೇಶವೇ ತಮಗೆ ತಕ್ಕದ್ದೆಂದು ನಿಶ್ಚಯಿಸಿದ ಸುಮಾರು ನಲವತ್ತು ಜನರ ಆ ಗುಂಪು ಅಲ್ಲಿಗೆ ಹೊರಟು, 1951ರಲ್ಲಿ ಟಿಲಾರಾನ್ ಬೆಟ್ಟಸಾಲಿನ ಮೇಲೆ ಸುಮಾರು 1,400 ಹೆಕ್ಟೇರ್ ಜಮೀನು ಕೊಂಡಿತು. ಆ ಜಾಗಕ್ಕೆ ಅವರಿಟ್ಟ ಹೆಸರೇ ಮೊಂಟೆವೆರ್ದೆ. ಸ್ಪ್ಯಾನಿಷ್ ಭಾಷೆಯಲ್ಲಿ ಹಸಿರು ಬೆಟ್ಟ ಎಂದರ್ಥ. ಬಂದವರು ಕಾಡು ಉಳಿಸಲು ಬಂದವರಲ್ಲ, ಹೈನುಗಾರಿಕೆಗೆ ಬಂದವರು. ಬೆಟ್ಟದಿಂದ ಕೆಳಗಿನ ಪೇಟೆಗೆ ಹಾಲು ತಲುಪುವಷ್ಟರಲ್ಲಿ ಒಡೆದುಹೋಗುವಂತಹ ರಸ್ತೆ ಅದು. ಆದ್ದರಿಂದ ಹಾಲನ್ನು ಚೀಸ್ ಮಾಡಿ ಮಾರತೊಡಗಿದರು. ಹಸುಗಳಿಗಾಗಿ ಅವರೂ ಸಾಕಷ್ಟು ಕಾಡು ಕಡಿದರೆಂಬುದನ್ನು ಮುಚ್ಚಿಡಬೇಕಾದ್ದಿಲ್ಲ.

ಆದರೆ ಒಂದು ಭಾಗವನ್ನು ಅವರು ಮುಟ್ಟಲಿಲ್ಲ. ತಮ್ಮ ಹೊಳೆ ಹುಟ್ಟುವ ನೆತ್ತಿಯ ಮೇಲಿನ 554 ಹೆಕ್ಟೇರ್ ಕಾಡನ್ನು, ಎಂದರೆ ಸುಮಾರು 1,370 ಎಕರೆಯನ್ನು, ನೀರಿಗಾಗಿ ಎತ್ತಿಟ್ಟರು. ಹಕ್ಕಿಗಳಿಗಾಗಿಯಲ್ಲ, ವಿಜ್ಞಾನಕ್ಕಾಗಿಯಲ್ಲ, ಪ್ರವಾಸಿಗರಿಗಾಗಿ ಅಂತೂ ಅಲ್ಲವೇ ಅಲ್ಲ. ನಾನು ಮಲೆನಾಡಿನವನು, ಗುಡ್ಡದ ಅಬ್ಬಿಯಿಂದ ಅಡಿಕೆ ದಬ್ಬೆಯ ಮೇಲೆ ಅಂಗಳಕ್ಕೆ ನೀರು ಹರಿದುಬರುವ ಮನೆಯಲ್ಲಿ ಬೆಳೆದವನು. ಮೇಲಿನ ಕಾನು ಬೋಳಾದರೆ ಏಪ್ರಿಲ್ ಹೊತ್ತಿಗೆ ದಬ್ಬೆ ಒಣಗುತ್ತದೆಂಬುದನ್ನು ನಮ್ಮಲ್ಲಿ ಯಾರಿಗೂ ಯಾರೂ ಕಲಿಸಿಕೊಡಬೇಕಾಗಿಲ್ಲ. ಹೀಗಾಗಿ ಈ ಸಂಗತಿಯನ್ನು ಓದಿದಾಗ ನನಗೆ ಆ ದೂರದ ಬೆಟ್ಟ ಸ್ವಲ್ಪ ಹತ್ತಿರದ್ದೆನಿಸಿತು.

ಸಂರಕ್ಷಿತ ಕಾಡು ಎಂಬ ರೂಪ ಬಂದದ್ದು ಇಪ್ಪತ್ತು ವರ್ಷಗಳ ನಂತರ. ಜಾರ್ಜ್ ಪವೆಲ್ ಎಂಬ ಅಮೆರಿಕದ ಯುವ ಜೀವಶಾಸ್ತ್ರಜ್ಞ ಹಕ್ಕಿಗಳ ಅಧ್ಯಯನಕ್ಕಾಗಿ ಪತ್ನಿಯೊಂದಿಗೆ ಅಲ್ಲಿಗೆ ಬಂದರು. ಆ ಕಾಲದ ಕೋಸ್ಟರಿಕದಲ್ಲಿ ಕಾಡಿರುವ ಜಮೀನು ಎಂದರೆ ಪಾಳುಬಿದ್ದ ಜಮೀನು ಎಂಬ ಎಣಿಕೆಯಿತ್ತು. ಮರ ಕಡಿದು ಹುಲ್ಲುಗಾವಲು ಮಾಡಿದವನಿಗೆ ಅದರ ಮೇಲೆ ಹಕ್ಕು ಹುಟ್ಟುತ್ತಿತ್ತು. ತಮ್ಮ ಕಣ್ಣೆದುರೇ ಕಾಡು ಕರಗುತ್ತಿರುವುದನ್ನು ಕಂಡ ಪವೆಲ್ ದಂಪತಿಗಳು ಸ್ವಂತ ಹಣದಿಂದ ಸಾಗುವಳಿದಾರರ ಜಮೀನು ಕೊಳ್ಳಲಾರಂಭಿಸಿದರು, ಭೂಕಂಪನಿಯೊಂದರಿಂದ 328 ಹೆಕ್ಟೇರ್ ದಾನವಾಗಿ ದೊರಕಿತು, ಮತ್ತು 1972ರಲ್ಲಿ ಟ್ರಾಪಿಕಲ್ ಸೈನ್ಸ್ ಸೆಂಟರ್ ಎಂಬ ಲಾಭರಹಿತ ವಿಜ್ಞಾನ ಸಂಸ್ಥೆಯ ಹೆಸರಿನಲ್ಲಿ ಈ ಕಾಡು ಅಧಿಕೃತವಾಗಿ ಸಂರಕ್ಷಣೆಗೆ ಒಳಪಟ್ಟಿತು. ಕ್ವೇಕರರು ತಮ್ಮ ನೀರಿನ ಕಾಡಿನ ನಿರ್ವಹಣೆಯನ್ನೂ ಅದೇ ಸಂಸ್ಥೆಗೆ ವಹಿಸಿಕೊಟ್ಟರು. ಈಗ ಒಟ್ಟು ವಿಸ್ತೀರ್ಣ 4,000 ಹೆಕ್ಟೇರ್‌ಗೂ ಹೆಚ್ಚು. ಹಾಗಾಗಿ ಖಾಸಗಿ ಎಂಬ ಮಾತಿಗೆ ಯಾರೋ ಒಬ್ಬ ಧನಿಕನ ಎಸ್ಟೇಟು ಎಂಬ ಅರ್ಥವನ್ನು ದಯವಿಟ್ಟು ಹಚ್ಚಬೇಡಿ. ನೀವು ಕೊಡುವ ಪ್ರವೇಶ ಶುಲ್ಕ ಕಾವಲಿಗೂ ದಾರಿ ದುರಸ್ತಿಗೂ ಸಂಶೋಧನೆಗೂ ಹೋಗುತ್ತದೆ.

ಕಾಲುದಾರಿಗಳ ವಿಚಾರಕ್ಕೆ ಬಂದರೆ ಒಂದು ಹೆಸರನ್ನು ಬಿಡುವಂತಿಲ್ಲ: ವಿಲ್‌ಫೋರ್ಡ್ ಗಿಂಡನ್. ಊರವರೆಲ್ಲ ಕರೆಯುತ್ತಿದ್ದದ್ದು ವುಲ್ಫ್ ಎಂದು. ಜೈಲಿಗೆ ಹೋದ ಆ ನಾಲ್ವರಲ್ಲಿ ಇವರೂ ಒಬ್ಬರು. ಹಸು ಸಾಕುತ್ತಿದ್ದರು, ಚೈನ್ ಸಾ ಮಾರುತ್ತಿದ್ದರು, ತಾವೂ ಮರ ಉರುಳಿಸಿದ್ದರು. ಆಮೇಲೆ ಅದೇ ಮನುಷ್ಯ ಪವೆಲ್ಲರ ಜೊತೆಗೂಡಿ ಜಮೀನುದಾರರ ಮನೆಮನೆಗೆ ಅಲೆದರು, ಕಾಡಿನ ಕಾವಲುಗಾರರಾದರು, ಕತ್ತಿ ಹಿಡಿದು ಗಡಿಗುಂಟ ದಾರಿ ಸವರಿದರು, ಮತ್ತು 2016ರಲ್ಲಿ ತೀರಿಕೊಳ್ಳುವವರೆಗೂ ಆ ಕಾಡಿನವರಾಗಿಯೇ ಉಳಿದರು. ಇಂದು ನಾವು ಆರಾಮವಾಗಿ ನಡೆಯುವ ಜಾಲದಲ್ಲಿ ಅವರ ಹೆಜ್ಜೆ ಬಹಳವಿದೆ. ಅವರ ಹೆಸರಿನ ದಾರಿಯೊಂದು ಅಲ್ಲಿದೆ. ಅದರಲ್ಲೇ ಸುಮಾರು 100 ಮೀಟರ್ ಉದ್ದದ, ಕೆಂಪು ಬಣ್ಣದ ತೂಗುಸೇತುವೆ ಸಿಗುತ್ತದೆ.

ಸಾರ್ವಜನಿಕರಿಗೆ ತೆರೆದಿರುವ ದಾರಿಗಳ ಒಟ್ಟು ಉದ್ದ ಸುಮಾರು 13 ಕಿಲೋಮೀಟರ್. ಎಲ್ಲವೂ ಪ್ರವೇಶದ್ವಾರದ ಕಡೆಯ ಮೂಲೆಯಲ್ಲೇ ಇವೆ, ಉಳಿದ ಕಾಡು ನಮಗಲ್ಲ. ದ್ವಾರವೇ ಸಮುದ್ರಮಟ್ಟದಿಂದ 1,500 ಮೀಟರ್‌ಗಿಂತ ಮೇಲಿದೆ. ಬೆಳಿಗ್ಗೆ ಬಾಗಿಲು ತೆರೆಯುತ್ತಲೇ ಒಳಹೊಕ್ಕು, ಮೊದಲು ಬೊಸ್ಕೆ ನುಬೊಸೊ ಎಂಬ ದಾರಿ ಹಿಡಿಯಿರಿ. ಮೋಡಕಾಡು ಎಂಬುದೇ ಆ ಹೆಸರಿನ ಅರ್ಥ. ಹೆಚ್ಚುಕಡಿಮೆ ಎರಡು ಕಿಲೋಮೀಟರ್, ಏರು ನಿಧಾನವಾದದ್ದು. ಇಲ್ಲಿ ಅವಸರ ಪಡಬಾರದು. ಯಾವುದಾದರೂ ಒಂದು ಮರದ ಎದುರು ಐದು ನಿಮಿಷ ನಿಂತು ಅದರ ತೊಗಟೆಯನ್ನು ಹುಡುಕಿ ನೋಡಿ: ತೊಗಟೆ ಕಾಣುವುದಿಲ್ಲ. ಒದ್ದೆ ಕಂಬಳಿಯಂತಹ ಪಾಚಿ, ಅದರ ಮೇಲೆ ಜರೀಗಿಡ, ಅದರ ಸಂದಿಯಲ್ಲಿ ಆರ್ಕಿಡ್‌ಗಳು, ಎಂದರೆ ನಮ್ಮ ಸೀತಾಳೆ ದಂಡೆಯ ದೂರದ ನೆಂಟರು. ಕೆಲವಂತೂ ಸಾಸಿವೆ ಕಾಳಿನಷ್ಟೇ ಹೂವಿನವು, ಮಾರ್ಗದರ್ಶಿ ಭೂತಗನ್ನಡಿ ಹಿಡಿದು ತೋರಿಸಿದ ಮೇಲೆಯೇ ಅದು ಹೂವೆಂದು ನನಗೆ ತಿಳಿದದ್ದು. ಆ ಪಾಚಿಯ ಕಂಬಳಿಯಡಿ ಎಲೆ ಕೊಳೆತು ಮಣ್ಣೇ ಆಗಿರುತ್ತದೆ, ಕೊಂಬೆಯ ಮೇಲೆ, ನೆಲದಿಂದ ಎಷ್ಟೋ ಆಳು ಎತ್ತರದಲ್ಲಿ. ಹಗ್ಗ ಕಟ್ಟಿ ಮರವೇರಿ ಇದನ್ನು ದಶಕಗಳ ಕಾಲ ಅಧ್ಯಯನ ಮಾಡಿದವರು ನಳಿನಿ ನಾಡಕರ್ಣಿ. ನಮ್ಮ ಕರಾವಳಿಯವರಿಗೆ ಪರಿಚಿತವಾದ ಅಡ್ಡಹೆಸರು, ಆದರೆ ಅವರು ಭಾರತೀಯ ತಂದೆಗೆ ಅಮೆರಿಕದಲ್ಲಿ ಹುಟ್ಟಿದವರು. ಒಮ್ಮೆ ಕಿತ್ತುಹಾಕಿದ ಪಾಚಿ ಮತ್ತೆ ಕೊಂಬೆಯನ್ನು ಹೊದೆಯಲು ದಶಕಗಳೇ ಬೇಕೆಂಬುದನ್ನು ತೋರಿಸಿಕೊಟ್ಟವರೂ ಅವರೇ. ಆದ್ದರಿಂದ ಫೋಟೊಕ್ಕಾಗಿ ಪಾಚಿಯ ಮೇಲೆ ಕೈಯೂರಬೇಡಿ.

ನಮ್ಮ ಆಗುಂಬೆಗೆ ಬೀಳುವಷ್ಟು ಮಳೆ ಇಲ್ಲಿ ಬೀಳುವುದಿಲ್ಲ, ಅದರ ಅರ್ಧವೂ ಇಲ್ಲ. ಆದರೆ ನಮ್ಮದು ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುವ ಮಳೆ. ಅಲ್ಲಿ ಮಳೆ ನಿಂತ ತಿಂಗಳುಗಳಲ್ಲೂ ಕೆರಿಬಿಯನ್ ಸಮುದ್ರದ ಕಡೆಯಿಂದ ಬೀಸುವ ವಾಣಿಜ್ಯ ಮಾರುತ ಬೆಟ್ಟವೇರಿ ತಣಿದು ಮೋಡವಾಗಿ ಕಾಡಿನೊಳಗೇ ನುಗ್ಗುತ್ತದೆ, ಎಲೆ ಪಾಚಿಗಳು ಆ ಮೋಡವನ್ನು ಸೋಸಿ ಹನಿಹನಿಯಾಗಿ ಇಳಿಸುತ್ತವೆ. ಹಾಲಿನ ಊರಿಗೆ ಬೇಸಿಗೆಯಲ್ಲೂ ನೀರು ಬರುತ್ತಿದ್ದದ್ದರ ಗುಟ್ಟು ಇದರಲ್ಲಿದೆ. ಫೆಬ್ರವರಿ ಅಲ್ಲಿ ಒಣಗಾಲವೆಂದು ಪುಸ್ತಕಗಳು ಹೇಳುತ್ತವೆ. ರೇನ್‌ಕೋಟು ಮಾತ್ರ ಬಿಡಬೇಡಿ. ನಿಮ್ಮ ತಾಯಿಯವರಿಗೆ ಒಂದು ಸಮಾಧಾನದ ಸುದ್ದಿಯನ್ನೂ ಹೇಳಿಬಿಡಿ: ನಮ್ಮ ಕಾಡಿನ ಉಂಬಳ, ಎಂದರೆ ನೆಲದ ಜಿಗಣೆ, ಅಲ್ಲಿಲ್ಲ. ಮೊದಲ ದಿನ ಹತ್ತು ಹೆಜ್ಜೆಗೊಮ್ಮೆ ಪ್ಯಾಂಟಿನ ತುದಿ ಎತ್ತಿ ನೋಡಿಕೊಳ್ಳುತ್ತಿದ್ದ ನನ್ನನ್ನು ಕಂಡು ಜೊತೆಯವರು ನಕ್ಕಿದ್ದರು.

ಈ ದಾರಿಯ ಮೇಲ್ತುದಿಯಲ್ಲಿ ಲಾ ವೆಂತಾನಾ, ಎಂದರೆ ಕಿಟಕಿ, ಎಂಬ ವೀಕ್ಷಣಾ ಸ್ಥಳವಿದೆ. ಅಲ್ಲಿ ನಿಂತರೆ ನೀವು ಭೂಖಂಡದ ನೀರಿನ ಗೆರೆಯ ಮೇಲೆ ನಿಂತಂತೆ: ಒಂದು ಮಗ್ಗುಲಿಗೆ ಬಿದ್ದ ಹನಿ ಕೆರಿಬಿಯನ್ ಸೇರುತ್ತದೆ, ಇನ್ನೊಂದಕ್ಕೆ ಬಿದ್ದದ್ದು ಪೆಸಿಫಿಕ್. ಗಾಳಿಯ ಹೊಡೆತಕ್ಕೆ ಇಲ್ಲಿನ ಮರಗಳು ಕುಗ್ಗಿ ಗಿಡ್ಡವಾಗಿವೆ. ನಾಲ್ಕು ಸಲದಲ್ಲಿ ನನಗೆ ಕಣಿವೆ ತೆರೆದು ಕಂಡದ್ದು ಒಂದೇ ಸಲ, ಅದೂ ಎರಡು ನಿಮಿಷ. ಕೆಳಗೆ ಕಾಣುವ ಪೆನ್ಯಾಸ್ ಬ್ಲಾಂಕಾಸ್ ಕಣಿವೆಯಾಚೆಗೂ ಕಾಡು ಹಬ್ಬಿದೆಯಲ್ಲ, ಅದು ಮತ್ತೊಂದು ಖಾಸಗಿ ಕಾಡು: 1987ರ ಸುಮಾರಿಗೆ ಸ್ವೀಡನ್ ದೇಶದ ಹಳ್ಳಿಶಾಲೆಯೊಂದರ ಮಕ್ಕಳು ಮಳೆಕಾಡು ಕೊಳ್ಳಲು ಹಣ ಕೂಡಿಸತೊಡಗಿದರು, ಅನೇಕ ದೇಶಗಳ ಮಕ್ಕಳು ಕೈಜೋಡಿಸಿದರು, ಇಂದು ಮಕ್ಕಳ ಶಾಶ್ವತ ಮಳೆಕಾಡು ಎಂಬ ಹೆಸರಿನ ಅದು 22,000 ಹೆಕ್ಟೇರ್‌ಗೂ ಮೀರಿ ಆ ದೇಶದ ಅತಿದೊಡ್ಡ ಖಾಸಗಿ ಸಂರಕ್ಷಿತ ಕಾಡಾಗಿದೆ.

ಇದೇ ಬೆಟ್ಟದಂಚಿನ ಕೆಲವೇ ಚದರ ಕಿಲೋಮೀಟರ್‌ಗಳಲ್ಲಿ, ಪ್ರಪಂಚದ ಬೇರೆಲ್ಲೂ ಇಲ್ಲದ ಒಂದು ನೆಲಗಪ್ಪೆಯಿತ್ತು. ಗಂಡು ಕಪ್ಪೆ ತಲೆಯಿಂದ ಕಾಲಿನವರೆಗೆ ಹೊಳೆಯುವ ಕಿತ್ತಳೆ ಬಣ್ಣ. ವರ್ಷದಲ್ಲಿ ಕೆಲವು ದಿನ ಮಾತ್ರ ಮರದ ಬೇರುಗಳ ನಡುವಿನ ಗುಂಡಿನೀರಿಗೆ ಮೊಟ್ಟೆಯಿಡಲು ನೂರುಗಟ್ಟಲೆ ಹೊರಬರುತ್ತಿತ್ತು. ವಿಜ್ಞಾನ ಇದಕ್ಕೆ ಹೆಸರಿಟ್ಟದ್ದು 1966ರಲ್ಲಿ. 1987ರಲ್ಲಿ 1,500ಕ್ಕೂ ಹೆಚ್ಚು ಕಪ್ಪೆಗಳು ಎಣಿಕೆಗೆ ಸಿಕ್ಕವು. ಮರುವರ್ಷ ಹತ್ತರ ಆಸುಪಾಸು. 1989ರಲ್ಲಿ ಒಂದೇ ಒಂದು ಗಂಡು. ಆಮೇಲೆ ಯಾರೂ ಕಂಡಿಲ್ಲ, 2004ರಲ್ಲಿ ಅದನ್ನು ಅಳಿದ ಜೀವಿಯೆಂದು ಘೋಷಿಸಲಾಯಿತು. ಎಲ್ ನಿನೊ ತಂದ ಒಣಹವೆ, ಕಪ್ಪೆಗಳ ಚರ್ಮಕ್ಕೆ ತಗುಲುವ ಕೈಟ್ರಿಡ್ ಶಿಲೀಂಧ್ರ, ಮೋಡದ ತಳ ಮೇಲೇರುತ್ತಿರುವುದು, ಇವುಗಳಲ್ಲಿ ಯಾವುದರ ಪಾಲೆಷ್ಟು ಎಂಬ ವಾದ ವಿಜ್ಞಾನಿಗಳಲ್ಲಿ ಇನ್ನೂ ನಡೆದಿದೆ. ಆ ಕಪ್ಪೆಯಿದ್ದ ಜಾಗದಲ್ಲಿ ಯಾರೂ ಒಂದು ಮರವನ್ನೂ ಕಡಿದಿರಲಿಲ್ಲ. ಸಂರಕ್ಷಣೆಯ ಇತಿಹಾಸದಲ್ಲಿ ನನ್ನನ್ನು ಅತ್ಯಂತ ಕಾಡುವ ಸಂಗತಿ ಇದು.

ಇಳಿಯುವಾಗ ಕಮೀನೊ ಎಂಬ ದಾರಿಯಲ್ಲಿ ಬನ್ನಿ. ಹೆಸರಿಗೆ ತಕ್ಕಂತೆ ಅದು ರಸ್ತೆಯಷ್ಟೇ ಅಗಲ. ಮೇಲೆ ಆಕಾಶ ತೆರೆದಿರುವುದರಿಂದ ಚಿಟ್ಟೆ, ಹಕ್ಕಿಗಳು ಹೆಚ್ಚು ಕಾಣುತ್ತವೆ. ಫೆಬ್ರವರಿಯ ಕೊನೆಯ ಹೊತ್ತಿಗೆ ಕ್ವೆಟ್ಜಾಲ್ ಎಂಬ ಹಕ್ಕಿಯ ಜೋಡಿಗಳು ಟೊಳ್ಳುಮರಗಳಲ್ಲಿ ಗೂಡು ಹುಡುಕತೊಡಗಿರುತ್ತವೆ. ಗಂಡಿನ ಬೆನ್ನು ಪಚ್ಚೆ ಹಸಿರು, ಹೊಟ್ಟೆ ಕಡುಗೆಂಪು, ಹಿಂದೆ ಸುಮಾರು ಎರಡಡಿ ಉದ್ದದ ಗರಿಗಳ ಜೋಲು. ಅದಕ್ಕೆ ಪ್ರಿಯವಾದದ್ದು ಬೆಣ್ಣೆಹಣ್ಣಿನ ಕಾಡುಜಾತಿಗಳ ಪುಟ್ಟ ಕಾಯಿ. ಇವು ನಮ್ಮ ದಾಲ್ಚಿನ್ನಿಯ ಕುಟುಂಬಕ್ಕೇ ಸೇರಿದ ಮರಗಳು. ಇಡಿಯಾಗಿ ನುಂಗಿ, ಸ್ವಲ್ಪ ಹೊತ್ತಿನ ನಂತರ ಬೀಜವನ್ನು ಉಗುಳುತ್ತದೆ. ನೀವು ಹಕ್ಕಿಯನ್ನು ಹುಡುಕಬೇಡಿ, ಕಾಯಿ ಬಿಟ್ಟ ಮರವನ್ನು ಹುಡುಕಿ ಅದರ ಕೆಳಗೆ ಮೌನವಾಗಿ ನಿಲ್ಲಿ. ಪವೆಲ್ ಅವರೇ ಮುಂದೆ ಈ ಹಕ್ಕಿಗಳಿಗೆ ರೇಡಿಯೊ ಕಟ್ಟಿ ಹಿಂಬಾಲಿಸಿದಾಗ, ಮರಿ ಮಾಡಿದ ಬಳಿಕ ಅವು ಕಾಡಿನ ಗಡಿ ದಾಟಿ ಪೆಸಿಫಿಕ್ ಇಳಿಜಾರಿನ ತುಂಡುಕಾಡುಗಳಿಗೆ ಹೋಗುತ್ತವೆಂದು ತಿಳಿಯಿತು. ತಾವು ಕಷ್ಟಪಟ್ಟು ಕಟ್ಟಿದ ಬೇಲಿಯೊಳಗೆ ಹಕ್ಕಿಯ ವರ್ಷ ಪೂರ್ತಿ ಹಿಡಿಸುವುದಿಲ್ಲವೆಂದು ಸಂಸ್ಥಾಪಕರೇ ಕಂಡುಕೊಂಡಂತಾಯಿತು.

ಉಳಿದ ದಾರಿಗಳಲ್ಲಿ ಎಲ್ ರೀಯೊ ಸಣ್ಣ ಜಲಪಾತಕ್ಕೆ ಹೋಗುತ್ತದೆ. ತಾಯಿಯವರಿಗೆ ಶಕ್ತಿ ಮಿಕ್ಕಿದ್ದರೆ ಹೋಗಬಹುದು. ಪಂತನೊಸೊ ಜೌಗು ನೆಲದ ದಾರಿ, ನನಗೆ ಬಹಳ ಇಷ್ಟವಾದದ್ದು, ಅಲ್ಲಿ ಪೊಡೊಕಾರ್ಪಸ್ ಎಂಬ ಶಂಕುವೃಕ್ಷವಿದೆ. ನಮ್ಮ ಪಶ್ಚಿಮಘಟ್ಟದ ದಕ್ಷಿಣ ಭಾಗದಲ್ಲಿ ಸಹಜವಾಗಿ ಬೆಳೆಯುವ ಏಕೈಕ ಶಂಕುವೃಕ್ಷವೂ ಇದೇ ಕುಟುಂಬದ್ದು. ಆದರೆ ಅಲ್ಲಿ ಬೇರು ಮತ್ತು ಕೆಸರು ಹೆಚ್ಚು. ಚೊಮೊಗೊ ಕಡಿದಾದ ಏರು, ಅದನ್ನು ಈ ಸಲ ಬಿಟ್ಟುಬಿಡಿ.

ಬೆಳಗಿನ ಮೂರು ಗಂಟೆಯ ಮಟ್ಟಿಗಾದರೂ ಸ್ಥಳೀಯ ಮಾರ್ಗದರ್ಶಿಯನ್ನು ಗೊತ್ತುಮಾಡಿಕೊಳ್ಳಿ. ಮೊದಲ ಸಲ ದುಡ್ಡು ಉಳಿಸಲು ಹೋಗಿ ಐದು ಗಂಟೆ ಒಬ್ಬನೇ ನಡೆದು ನಾನು ಕಂಡದ್ದು ಒಂದು ಅಳಿಲು. ಒಳಗೆ ಒಮ್ಮೆಗೆ ಬಿಡುವ ಜನರಿಗೆ ಮಿತಿಯಿದೆ, ಹಾಗಾಗಿ ಟಿಕೆಟ್ಟನ್ನು ಮುಂಚೆಯೇ ಪಡೆಯಿರಿ. ಜಾರದ ಅಡಿಯ ಬೂಟು ಇಬ್ಬರಿಗೂ ಇರಲಿ. ತಾಯಿಯವರು ದಣಿದರೆ ದ್ವಾರದ ಬಳಿ ಹಮ್ಮಿಂಗ್‌ಬರ್ಡ್‌ಗಳಿಗೆ ಸಕ್ಕರೆನೀರು ತೂಗುಹಾಕಿರುವ ಅಂಗಳವಿದೆ, ಅಲ್ಲಿ ಕೂರಿಸಿ. ನೇರಳೆ ಬಣ್ಣದ ಒಂದು ದೊಡ್ಡ ಜಾತಿ ಕಿವಿಯ ಪಕ್ಕದಲ್ಲೇ ದುಂಬಿಯಂತೆ ಗುಂಯ್‌ಗುಟ್ಟುತ್ತ ಹಾದುಹೋಗುತ್ತದೆ. ಸಾಂತಾ ಎಲೆನಾ ಪಟ್ಟಣದಿಂದ ಕಾಡಿನ ದ್ವಾರಕ್ಕೆ ಸುಮಾರು 6 ಕಿಲೋಮೀಟರ್. ಬಸ್ಸಿನಲ್ಲಿ ಹೋಗುವುದಾದರೆ ಮರಳುವ ಕೊನೆಯ ಬಸ್ಸು ಎಷ್ಟು ಗಂಟೆಗೆಂದು ಬೆಳಿಗ್ಗೆ ಇಳಿಯುವಾಗಲೇ ಚಾಲಕನನ್ನು ಕೇಳಿಟ್ಟುಕೊಳ್ಳಿ.